ರಾತ್ರಿ ಅನ್ನದ ಚಿತ್ರಾನ್ನ ತಿಂದು ಇಬ್ಬರಿಗೂ ವಾಂತಿ. ತಪ್ಪೆಲ್ಲಿ ಆಯಿತು?

ಪಿಜಿ ಬಿಟ್ಟವನು:
ಎರಡು ತಿಂಗಳಿಂದ ನಾನು, ನನ್ನ ರೂಮ್‌ಮೇಟ್ ಮನೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದೇವೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಮಾಡಿದ ಅನ್ನ ಜಾಸ್ತಿ ಉಳಿಯಿತು, ಕುಕ್ಕರ್ ಮುಚ್ಚಿಟ್ಟು ಹಾಗೇ ಮಲಗಿದೆವು. ಬೆಳಿಗ್ಗೆ ಅದಕ್ಕೇ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನ. ಎಂಟೂವರೆಗೆ ತಿಂದೆವು, ಹನ್ನೊಂದರೊಳಗೆ ಇಬ್ಬರಿಗೂ ವಾಂತಿ ಶುರು. ಸಂಜೆ ಹೊತ್ತಿಗೆ ಸರಿಹೋಯಿತು. ಅನ್ನ ಹಳಸಿರಲಿಲ್ಲ, ಮೂಸಿ ನೋಡಿಯೇ ಹಾಕಿದ್ದು, ಹಬೆ ಏಳುವಷ್ಟು ಬಿಸಿಯನ್ನೂ ಮಾಡಿದ್ದೆ. ಅಮ್ಮನಿಗೆ ಫೋನ್ ಮಾಡಿದರೆ "ನಾವು ಮೊದಲಿಂದಲೂ ಹಾಗೇ ಮಾಡೋದು, ನೀನು ಹೊರಗೆ ಏನು ತಿಂದೆ ಹೇಳು" ಅಂತಾರೆ. ಕಡಲೆಬೀಜ ಸ್ವಲ್ಪ ಹಳೇದಿತ್ತು, ಅದರದ್ದಾ?

ಲ್ಯಾಬ್ ಕೋಟು:
ಪಾಪ, ಕಡಲೆಬೀಜವನ್ನು ಬಿಟ್ಟುಬಿಡಿ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು, ಆದರೆ ಮೈಕ್ರೋಬಯಾಲಜಿ ಓದಿದ ನನಗೆ ಇದು ಬ್ಯಾಸಿಲಸ್ ಸಿರಿಯಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸದ ಹಾಗೆ ಕಾಣುತ್ತದೆ. ಇದರ ಬೀಜಕಣಗಳು ಅಕ್ಕಿಯಲ್ಲೇ ಇರುತ್ತವೆ, ಅನ್ನ ಬೆಂದರೂ ಕೆಲವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಆ ವಿಷ ಒಂದು ಸಲ ಆಯಿತೆಂದರೆ ಒಗ್ಗರಣೆಯ ಬಿಸಿಗೂ ಹೋಗಲ್ಲ, ನಿಂಬೆಹುಳಿಗೂ ಹೋಗಲ್ಲ. ವಾಸನೆ ಬರಲೇಬೇಕು ಅಂತಲೂ ಇಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ, ದಿನದೊಳಗೆ ಗುಣ. ನಿಮ್ಮದೂ ಹಾಗೇ ಅಲ್ವಾ? 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ, ಮುಚ್ಚಿದ ಕುಕ್ಕರ್ ರಾತ್ರಿಯಿಡೀ ಅವಕ್ಕೆ ಚಪ್ಪರ ಹಾಕಿಕೊಟ್ಟಿದೆ.

ಮಲೆನಾಡಿನ ಅತ್ತೆ:
ಅಮ್ಮನನ್ನು ಸುಮ್ನೆ ಬೈಯಬೇಡ ಮಾರಾಯ. ನಮ್ಮಲ್ಲಿ ಉಳಿದ ಅನ್ನಕ್ಕೆ ನೀರು ಹಾಕಿಡುತ್ತಿದ್ದೆವು. ಬೆಳಿಗ್ಗೆ ಅದು ಹುಳಿ ಬಂದಿರುತ್ತಿತ್ತು, ಮಜ್ಜಿಗೆ, ಈರುಳ್ಳಿ, ಉಪ್ಪಿನಕಾಯಿ ಜೊತೆ ಊಟ. ಅದು ತಂಗಳನ್ನ, ನೀನು ತಿಂದಿದ್ದು ಬರೀ ಹಳೇ ಅನ್ನ. ಮತ್ತೆ ಇಬ್ಬರಿಗೆ ಅಷ್ಟೊಂದು ಅನ್ನ ಯಾಕೆ? ಪಾವಿನಲ್ಲಿ ಅಳೆದು ಹಾಕಿದರೆ ಉಳಿಯುವುದೇ ಇಲ್ಲ.

ಲ್ಯಾಬ್ ಕೋಟು:
ಅತ್ತೆ ಹೇಳಿದ್ದರಲ್ಲಿ ಹುರುಳಿದೆ, ಹುಳಿ ಬಂದರೆ ಈ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ಬೆಳೆಯಲ್ಲ. ಹಾಗಂತ ಗ್ಯಾರಂಟಿ ಏನಿಲ್ಲ, ಹುಳಿ ಬರುವ ಮೊದಲೇ ಅದು ಬೆಳೆದಿರಬಹುದು.

ಪಿಜಿ ಬಿಟ್ಟವನು:
ಹಾಗಾದರೆ ಬಿಸಿ ಅನ್ನವನ್ನೇ ಫ್ರಿಜ್‌ಗೆ ತಳ್ಳಬೇಕಾ? ಫ್ರಿಜ್ ಕೆಡಲ್ವಾ?

ಲ್ಯಾಬ್ ಕೋಟು:
ಕುಕ್ಕರ್ ಸಮೇತ ಇಡಬೇಡಿ, ನಡುವಿನ ಅನ್ನ ತಣ್ಣಗಾಗಲು ತುಂಬಾ ಹೊತ್ತು ಬೇಕು. ಊಟ ಮುಗಿದ ಕೂಡಲೇ ಅಗಲವಾದ ತಟ್ಟೆಗೆ ತೆಳ್ಳಗೆ ಹರವಿ, ಫ್ಯಾನ್ ಕೆಳಗೆ ಇಡಿ. ಬೇಗ ಆರುತ್ತದೆ. ಆಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಒಲೆಯಿಂದ ಇಳಿಸಿ ಎರಡು ಗಂಟೆ ದಾಟಬಾರದು, ಸುಡು ಬೇಸಿಗೆಯಲ್ಲಿ ಒಂದೇ ಗಂಟೆ. ಮಾರನೇ ದಿನ ಖಾಲಿ ಮಾಡಿ. ಬಿಸಿ ಮಾಡುವುದೂ ಒಂದೇ ಸಲ.

ಪಿಜಿ ಬಿಟ್ಟವನು:
ಇವತ್ತೇ ಹಾಗೆ ಮಾಡುತ್ತೇನೆ. ಅತ್ತೆ, ಒಂದು ಪಾವು ಅಂದರೆ ಎಷ್ಟು? ನಮ್ಮ ಹತ್ತಿರ ಇರುವುದು ಟೀ ಲೋಟ ಮಾತ್ರ.