ಟ್ರೋಲ್ ಕಮೆಂಟ್‌ನಿಂದ ‘ಬಂಗಾರದ ಮಿಡಿ’ಯವರೆಗೆ: ನನ್ನ ಅನುಭವ

ಗದಗ ಕಡೆಯ ತಂಗಿಯೊಬ್ಬರು ಕೇಳಿದ ಪ್ರಶ್ನೆ ಇದು: “ಅಕ್ಕ, ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಒಂದು ವಿಡಿಯೋ ತುಂಬಾ ಜನರಿಗೆ ಹೋಯಿತು. ಅವತ್ತಿನಿಂದ ಬರೀ ಬೈಗುಳ. ರೇಟು ನೋಡಿ ಹಗಲು ದರೋಡೆ ಅಂತಾರೆ, ರೊಟ್ಟಿ ಹಪ್ಪಳದ ಹಾಗೆ ಒಣಗಿದೆ ಅಂತಾರೆ. ನನ್ನ ಮಾತಿನ ಧಾಟಿ, ಮೈಬಣ್ಣ ಯಾವುದನ್ನೂ ಬಿಟ್ಟಿಲ್ಲ. ಟ್ರೋಲ್‌ನಿಂದಲೇ ವ್ಯಾಪಾರ ಬೆಳೆಸಬಹುದು ಅಂತ ಕೆಲವರು ಹೇಳುತ್ತಾರೆ. ನಿಜವಾ? ಯಾರಿಗಾದರೂ ಹಾಗೆ ಆಗಿದೆಯಾ? ನನಗಂತೂ ಬಿಟ್ಟುಬಿಡೋಣ ಅನ್ನಿಸುತ್ತಿದೆ.”

ನನಗೆ ಆಗಿದೆ. ಆದರೆ ಮೊದಲ ಸಲ ಪೂರ್ತಿ ತಪ್ಪು ದಾರಿ ಹಿಡಿದಿದ್ದೆ. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಮೂರು ವರ್ಷದ ಹಿಂದೆ ಒಂದು ವಿಡಿಯೋಗೆ ಯಾರೋ ಬರೆದರು: “ಅರ್ಧ ಕೆಜಿ ಉಪ್ಪಿನಕಾಯಿಗೆ 380 ರೂಪಾಯಾ? ಏನು ಬಂಗಾರದ ಮಿಡಿನಾ? ಮೊದಲು ಕನ್ನಡೀಲಿ ನಿನ್ನ ಮುಖ ನೋಡ್ಕೋ.” ಅದರ ಕೆಳಗೆ ಇನ್ನೂ ನಲವತ್ತು ಜನ ನಕ್ಕಿದ್ದರು. ಅವತ್ತು ರಾತ್ರಿ ಊಟ ಸೇರಲಿಲ್ಲ. ಹನ್ನೊಂದು ಗಂಟೆಗೆ ಎದ್ದು, ಮುಖ ಕೆಂಪು ಮಾಡಿಕೊಂಡು, ಬೈದವರ ಹೆಸರನ್ನೆಲ್ಲ ಓದಿ ಒಂದು ವಿಡಿಯೋ ಮಾಡಿ ಹಾಕಿಬಿಟ್ಟೆ.

ಅದನ್ನು ಎರಡು ಲಕ್ಷ ಜನ ನೋಡಿದರು. ಬಂದ ಆರ್ಡರ್ ಮೂರು.

ಯಾಕೆ ಅಂತ ಆಮೇಲೆ ಯೋಚಿಸಿದೆ. ಬಂದವರೆಲ್ಲ ಜಗಳ ನೋಡಲು ಬಂದವರು. ಉಪ್ಪಿನಕಾಯಿ ಬೇಕಿದ್ದವರು ಆ ಗಲಾಟೆಯಲ್ಲಿ ದೂರ ನಿಂತರು. ಜಾಸ್ತಿ ಜನ ನೋಡಿದರೆ ಜಾಸ್ತಿ ವ್ಯಾಪಾರ ಅಂತ ನಂಬಿದ್ದು ನನ್ನ ತಪ್ಪು.

ಒಂದು ವಾರ ಫೋನನ್ನೇ ಮುಟ್ಟಲಿಲ್ಲ. ಮಿಡಿ ಬರುವ ಕಾಲ ಅದು. ಜಗಲಿಯಲ್ಲಿ ಕೂತು ಮಿಡಿ ಆರಿಸುತ್ತಿದ್ದೆವು. ತೊಟ್ಟು ಮುರಿದದ್ದು ಒಂದು ಕಡೆ, ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಕೈತುಂಬ ಸೊನೆಯ ವಾಸನೆ. ನಮ್ಮ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು, “ಆ ಹುಡುಗ ನಮ್ಮ ಮಿಡಿ ತಿಂದಿದ್ದಾನಾ?” ಇಲ್ಲ ಅಂದೆ. “ಮತ್ತೆ, ರುಚಿ ಚೆನ್ನಾಗಿಲ್ಲ ಅಂತ ಅವನು ಹೇಳಿಲ್ಲವಲ್ಲ. ಯಾಕಿಷ್ಟು ರೇಟು ಅಂತ ಕೇಳಿದ್ದಾನೆ. ಅದನ್ನು ಹೇಳು.”

ಅವತ್ತು ಸಂಜೆ ಆ ಕಮೆಂಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಖದ ಬಗ್ಗೆ ಇದ್ದ ಮಾತಿನ ಮೇಲೆ ಪೆನ್ನಿನಿಂದ ಗೀಟು ಎಳೆದೆ. ‘ಬಂಗಾರ’ವನ್ನೂ ಹೊಡೆದುಹಾಕಿದೆ. ಉಳಿದದ್ದು ಇಷ್ಟೇ: 380 ರೂಪಾಯಿ ಯಾಕೆ?

ಇದು ಕೊಳ್ಳಬೇಕು ಅಂತ ಇರುವವರೂ ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ ಅಲ್ವಾ? ಅವರು ಕಮೆಂಟ್ ಹಾಕುವುದಿಲ್ಲ. ಓದಿ, ಸುಮ್ನೆ ಮುಂದೆ ಹೋಗುತ್ತಾರೆ. ನಾನು ಉತ್ತರ ಕೊಡಬೇಕಿದ್ದದ್ದು ಅವರಿಗೆ.

ಮಾರನೇ ದಿನ ಒಂದು ಬಾಟಲಿಯನ್ನು ತಟ್ಟೆಗೆ ಸುರಿದು, ಕ್ಯಾಮೆರಾ ಮುಂದೆಯೇ ಮಿಡಿ ಎಣಿಸಿದೆ. ಅಪ್ಪೆ ಮರ ತೋಟದ ಕಸಿ ಮಾವಿನ ಹಾಗೆ ಕೈಗೆ ಸಿಗುವುದಿಲ್ಲ. ಹೊಳೆದಂಡೆಯಲ್ಲಿ, ಕಾಡಂಚಿನಲ್ಲಿ ಎತ್ತರಕ್ಕೆ ಬೆಳೆದಿರುತ್ತದೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದರೆ ಪೆಟ್ಟಾಗಿ ಮೆತ್ತಗಾಗುತ್ತದೆ. ಉಪ್ಪಿಗೆ ಹಾಕಿದ ಮೇಲೆ ನೀರು ಬಿಟ್ಟು ಮುರುಟುತ್ತದೆ, ತೂಕ ಇಳಿಯುತ್ತದೆ. ಮರ ಹತ್ತುವವರ ಕೂಲಿ, ಮೆಣಸು, ಸಾಸಿವೆ, ಬಾಟಲಿ, ಕೊರಿಯರ್, ಕೊನೆಗೆ ನಮಗೆ ಉಳಿಯುವುದು, ಎಲ್ಲವನ್ನೂ ಲೆಕ್ಕ ಹಾಕಿ ತೋರಿಸಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಶುರುವಿನಲ್ಲಿ ಹೇಳಿದ್ದು ಇಷ್ಟು: “ಇದೇನು ಬಂಗಾರದ ಮಿಡಿಯಾ ಅಂತ ಒಬ್ಬರು ಕೇಳಿದ್ದಾರೆ. ಬನ್ನಿ, ತೋರಿಸುತ್ತೇನೆ.”

ಇದನ್ನು ನೋಡಿದವರು ಹನ್ನೊಂದು ಸಾವಿರ ಜನ ಅಷ್ಟೇ. ಆ ವಾರ 64 ಬಾಟಲಿ ಹೋಯಿತು. ಅಲ್ಲಿಯವರೆಗೆ ವಾರಕ್ಕೆ ಇಪ್ಪತ್ತು ದಾಟಿದ್ದೇ ಇಲ್ಲ. ಈಗಲೂ ಎಷ್ಟೋ ಜನ ಫೋನ್ ಮಾಡಿ “ಬಂಗಾರದ ಮಿಡಿ ಇದೆಯಾ?” ಅಂತಲೇ ಕೇಳುತ್ತಾರೆ.

ಇನ್ನೊಂದು ಟೀಕೆ ಪದೇ ಪದೇ ಬರುತ್ತಿತ್ತು: “ಒಂದು ಹನಿ ಎಣ್ಣೆ ಇಲ್ಲ, ಇದೆಂಥ ಉಪ್ಪಿನಕಾಯಿ?” ನಮ್ಮ ಕಡೆ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ. ಉಪ್ಪುನೀರಲ್ಲೇ ವರ್ಷಗಟ್ಟಲೆ ಇರುತ್ತದೆ. ಬೈದವರು ಅದರ ಗುಣವನ್ನೇ ದೋಷ ಅಂತ ಹೇಳುತ್ತಿದ್ದರು. ಹಾಗಾಗಿ ಲೇಬಲ್ಲಿನ ಮೇಲೆ ‘ಎಣ್ಣೆ ಇಲ್ಲದ ಮಿಡಿ ಉಪ್ಪಿನಕಾಯಿ’ ಅಂತ ದೊಡ್ಡದಾಗಿ ಹಾಕಿಸಿದೆವು. ಹೀಗೇ ಮಾಡಿದವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಸ್ನೋಬರ್ಡ್ ಅಂತ ಹಿಮದ ಮೇಲೆ ಜಾರುವ ಆಟದ ತಾಣ ಇದೆ. ಅಲ್ಲಿನ ಇಳಿಜಾರು ತೀರಾ ಕಡಿದು, ಆಡಲು ಆಗುವುದಿಲ್ಲ ಅಂತ ಒಬ್ಬರು ಒಂದೇ ಸ್ಟಾರ್ ಕೊಟ್ಟಿದ್ದರು. ಸ್ನೋಬರ್ಡ್‌ನವರು ಆ ಮಾತನ್ನೇ ಜಾಹೀರಾತಾಗಿ ಅಚ್ಚು ಹಾಕಿದರು. ಕಡಿದಾದ ಇಳಿಜಾರನ್ನೇ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಕರೆ ಬೇಕಾ?

ನಿಮ್ಮ ರೊಟ್ಟಿಗೂ ಇದೇ ಮಾತು. “ಹಪ್ಪಳದ ಹಾಗೆ ಒಣಗಿದೆ” ಅಂದವರಿಗೆ ಖಡಕ್ ರೊಟ್ಟಿ ಅಂದರೇನು ಅಂತ ಗೊತ್ತಿಲ್ಲ. ಬೆಂಗಳೂರಲ್ಲಿ, ಊರು ಬಿಟ್ಟು ಇನ್ನೆಲ್ಲೋ ಇರುವವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೆ ಹೇಳಿ? ಕೈಯಲ್ಲಿ ಬಡಿಯುವುದು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದು, ಬೇಯಿಸಿ ಆರಿಸಿಟ್ಟ ಮೇಲೆ ಕಟ್ ಅಂತ ಮುರಿಯುವ ಸದ್ದು, ಇದನ್ನೆಲ್ಲ ಹತ್ತಿರದಿಂದ ತೋರಿಸಿ. ನೀರಿನಂಶ ಹೋಗಿರುವುದರಿಂದಲೇ ಅಷ್ಟು ದಿನ ಕೆಡದೆ ಇರುತ್ತದೆ ಅಂತ ನಿಮ್ಮದೇ ಮಾತಿನಲ್ಲಿ ಹೇಳಿ. ಆ ಧಾಟಿಯನ್ನು ದಯವಿಟ್ಟು ಬದಲಾಯಿಸಬೇಡಿ. ಗದಗಿನ ರೊಟ್ಟಿಯನ್ನು ಗದಗಿನ ಮಾತಿನಲ್ಲೇ ಕೇಳಬೇಕು ಅನ್ನುವವರು ಬಹಳ ಜನ ಇದ್ದಾರೆ. ನಾನೂ ಒಬ್ಬಳು.

ಈಗ ಕಷ್ಟದ ಮಾತು. ಕೆಲವು ಸಲ ಬೈದವರು ಹೇಳಿದ್ದು ನಿಜ ಇರುತ್ತದೆ. ಎರಡನೇ ವರ್ಷ ಒಬ್ಬರು ನಮ್ಮ ಬಾಟಲಿಯ ಫೋಟೋ ಹಾಕಿ, “ಬೂಸ್ಟು ಹಿಡಿದ ಮಾಲು, ವಿಷ ಮಾರ್ತಾರೆ” ಅಂತ ಬರೆದರು. ಭಾಷೆ ಕೆಟ್ಟದಾಗಿತ್ತು. ಆದರೆ ಫೋಟೋದಲ್ಲಿ ಮೇಲ್ಗಡೆ ಬಿಳಿ ಪದರ ಕಾಣುತ್ತಿತ್ತು. ಅದೇ ದಿನ ಮಾಡಿದ ಬಾಟಲಿಗಳನ್ನು ತೆಗೆದು ನೋಡಿದೆವು. ಉಪ್ಪುನೀರು ಕಡಿಮೆಯಾಗಿ ಮಿಡಿ ಮೇಲಕ್ಕೆ ಬಂದಿತ್ತು, ಗಾಳಿ ತಗುಲಿತ್ತು. ತಪ್ಪು ನಮ್ಮದೇ. ಅವರಿಗೆ ದುಡ್ಡು ವಾಪಸ್ ಕೊಟ್ಟೆವು. ಅದೇ ದಿನದ ಮಾಲು ತೆಗೆದುಕೊಂಡ ಎಲ್ಲರಿಗೂ ಫೋನ್ ಮಾಡಿದೆವು. ಏನಾಯಿತು, ಈಗ ಬಾಟಲಿಯನ್ನು ಹೇಗೆ ತುಂಬಿಸುತ್ತೇವೆ ಅಂತ ಬಹಿರಂಗವಾಗಿ ಬರೆದೆವು. ಆ ತಿಂಗಳು ನಷ್ಟವಾಯಿತು. ಆದರೆ ನಾವು ಫೋನ್ ಮಾಡಿದವರಲ್ಲಿ ಮುಕ್ಕಾಲು ಪಾಲು ಜನ ಇವತ್ತಿಗೂ ನಮ್ಮಲ್ಲೇ ತರಿಸುತ್ತಾರೆ.

ದೊಡ್ಡವರೂ ಇದೇ ದಾರಿ ಹಿಡಿದಿದ್ದಾರೆ. 2009ರ ಕೊನೆಯಲ್ಲಿ ಅಮೆರಿಕದಲ್ಲಿ ಡಾಮಿನೋಸ್ ಕಂಪನಿ, ತಮ್ಮ ಪಿಜ್ಜಾ ರಟ್ಟಿನ ಹಾಗಿದೆ ಅಂತ ಗ್ರಾಹಕರು ಬೈದದ್ದನ್ನೇ ಜಾಹೀರಾತಿನಲ್ಲಿ ತೋರಿಸಿತು. ಹಾಗೆ ತೋರಿಸುವ ಮೊದಲು ಹಿಟ್ಟು, ಸಾಸ್, ಚೀಸ್ ಎಲ್ಲವನ್ನೂ ಬದಲಾಯಿಸಿತ್ತು. 2010ರ ಮೊದಲ ಮೂರು ತಿಂಗಳಲ್ಲಿ ಅಲ್ಲಿನ ಹಳೆಯ ಅಂಗಡಿಗಳ ಮಾರಾಟ ಹಿಂದಿನ ವರ್ಷಕ್ಕಿಂತ 14.3% ಜಾಸ್ತಿಯಾಯಿತು. ಪಿಜ್ಜಾ ಹಾಗೇ ಇಟ್ಟು ಬರೀ ಜಾಹೀರಾತು ಹಾಕಿದ್ದರೆ ಜನ ಇನ್ನೊಮ್ಮೆ ಬೈಯುತ್ತಿದ್ದರು.

ನಿಮ್ಮ ಪ್ರಶ್ನೆ ಓದಿದ ಮೇಲೆ ಪರಿಚಯದ ಇನ್ನಿಬ್ಬರನ್ನು ಕೇಳಿದೆ. ಒಬ್ಬರು ಇಳಕಲ್ ಸೀರೆ ಮಾರುತ್ತಾರೆ. ಲೈವ್ ಶುರು ಮಾಡಿದರೆ ಸಾಕು, “ಇದು ಕೈಮಗ್ಗದ್ದಲ್ಲ, ಪವರ್‌ಲೂಮ್, ಮೋಸ” ಅಂತ ಕಮೆಂಟ್. ಮೊದಮೊದಲು ಬ್ಲಾಕ್ ಮಾಡುತ್ತಿದ್ದರಂತೆ. ಆಮೇಲೆ ಒಂದು ದಿನ ಸೀರೆಯನ್ನು ತಿರುಗಿಸಿ, ಒಡಲಿನ ಹಾಸು ಎಳೆಗೂ ಸೆರಗಿನ ಹಾಸು ಎಳೆಗೂ ಹಾಕಿದ ಕೊಂಡಿಯನ್ನು ಬೆರಳಲ್ಲಿ ಹಿಡಿದು ತೋರಿಸಿದರು. ಪಕ್ಕದಲ್ಲೇ ಪವರ್‌ಲೂಮ್ ಸೀರೆ ಇಟ್ಟು, ಇದರಲ್ಲಿ ಈ ಕೊಂಡಿ ಇಲ್ಲ, ಅದಕ್ಕೇ ರೇಟು ಕಡಿಮೆ ಅಂತ ನೇರವಾಗಿ ಹೇಳಿದರು. ಈಗ ಎರಡನ್ನೂ ಬೇರೆ ಬೇರೆ ಹೆಸರು ಹಾಕಿ ಮಾರುತ್ತಾರೆ. ಕೈಮಗ್ಗದ್ದೇ ಜಾಸ್ತಿ ಹೋಗುತ್ತದಂತೆ.

ಇನ್ನೊಬ್ಬರದ್ದು ದಾವಣಗೆರೆಯಲ್ಲಿ ಮೆಸ್. ಚಟ್ನಿ ಹಳಸಿತ್ತು ಅಂತ ಬರೆದವರಿಗೆ ಸಿಟ್ಟಿನಲ್ಲಿ ಕೆಟ್ಟದಾಗಿ ಉತ್ತರ ಕೊಟ್ಟರು. ಅವರ ಉತ್ತರದ ಸ್ಕ್ರೀನ್‌ಶಾಟ್ ಊರೆಲ್ಲ ಓಡಾಡಿತು. ಚಟ್ನಿ ವಿಷಯ ಎಲ್ಲರೂ ಮರೆತರು, ಮಾಲೀಕರ ಬಾಯಿ ಮಾತ್ರ ನೆನಪಿಟ್ಟುಕೊಂಡರು. ಎರಡು ತಿಂಗಳು ವ್ಯಾಪಾರ ಬಿತ್ತು.

ಅದಕ್ಕೇ ನಾನು ರಾತ್ರಿ ಹೊತ್ತು ಉತ್ತರ ಬರೆಯುವುದಿಲ್ಲ. ಬೆಳಿಗ್ಗೆ ಒಂದೇ ಸಲ ಬರೆಯುತ್ತೇನೆ. ಆಮೇಲೆ ಅವರು ಏನೇ ಅಂದರೂ ಮುಂದುವರಿಸುವುದಿಲ್ಲ. ತೀರಾ ಮನಸ್ಸು ಕೆಟ್ಟ ದಿನ ತಮ್ಮನೇ ಕಮೆಂಟ್ ಓದಿ, ಬೇಕಾದದ್ದನ್ನು ಮಾತ್ರ ಹೇಳುತ್ತಾನೆ. ಇನ್‌ಸ್ಟಾಗ್ರಾಮ್‌ನಲ್ಲಿ ಬೇಡದ ಪದಗಳ ಪಟ್ಟಿ ಹಾಕಿಡುವ ಸೌಲಭ್ಯ ಇದೆ. ಆ ಪದ ಇರುವ ಕಮೆಂಟ್ ಬೇರೆಯವರಿಗೆ ಕಾಣದ ಹಾಗೆ ಮರೆಯಾಗುತ್ತದೆ. ಬೈಗುಳಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡೂ ಥರ ಹಾಕಿ. ಇದನ್ನು ಇವತ್ತೇ ಮಾಡಿ. ಮತ್ತೆ, ಬೈಗುಳ ಮುಚ್ಚಲು ಅಣ್ಣ ತಮ್ಮಂದಿರಿಂದ ಐದು ಸ್ಟಾರ್ ಹಾಕಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಜನಕ್ಕೆ ಅದು ಬೇಗ ಗೊತ್ತಾಗುತ್ತದೆ, ಆಮೇಲೆ ನಿಜವಾದ ಹೊಗಳಿಕೆಯನ್ನೂ ನಂಬುವುದಿಲ್ಲ.

ಮೈಬಣ್ಣದ ಬಗ್ಗೆ ಬಂದ ಮಾತಿನಿಂದ ವ್ಯಾಪಾರ ಮಾಡಲು ಹೋಗಬೇಡಿ. ಅದರಲ್ಲಿ ಪ್ರಶ್ನೆಯೇ ಇಲ್ಲ. ಗೀಟು ಎಳೆದರೆ ಏನೂ ಉಳಿಯುವುದಿಲ್ಲ. ಬ್ಲಾಕ್ ಮಾಡಿ. ಅದಕ್ಕಿಂತ ಮುಂದೆ ಹೋಗಿ ಯಾರಾದರೂ ಬೆದರಿಕೆ ಹಾಕಿದರೆ, ಫೋಟೋ ತಿರುಚಿದರೆ, ಹಿಂದೆ ಬಿದ್ದು ಮೆಸೇಜ್ ಮಾಡುತ್ತಿದ್ದರೆ, ಬ್ಲಾಕ್ ಮಾಡುವ ಮೊದಲು ತಾರೀಖು, ಖಾತೆಯ ಹೆಸರು, ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇವೆಲ್ಲ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂಬಾಲಿಸಿ ಕಾಡುವುದಕ್ಕೆ 78ನೇ ಸೆಕ್ಷನ್, ಬೆದರಿಕೆಗೆ 351ನೇ ಸೆಕ್ಷನ್ ಇದೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ಒಬ್ಬರೇ ಹೋಗಬೇಡಿ, ಮನೆಯವರನ್ನು ಯಾರನ್ನಾದರೂ ಕರೆದುಕೊಂಡು ಹೋಗಿ.

ಟೀಕೆಯಿಂದ ಹುರುಪು ಬರುತ್ತದಾ ಅಂತಲೂ ನೀವು ಮನಸ್ಸಿನಲ್ಲಿ ಕೇಳುತ್ತಿರಬಹುದು. ನನಗೆ ಬೈಗುಳ ಓದಿದ ಕೂಡಲೇ ಹುರುಪು ಬಂದದ್ದಿಲ್ಲ, ನೋವೇ ಆಗುತ್ತದೆ, ಇವತ್ತಿಗೂ. ಹುರುಪು ಬಂದದ್ದು ಆ ನೋಟ್‌ಬುಕ್ಕಿನಲ್ಲಿ ಉಳಿದ ಪ್ರಶ್ನೆಗೆ ಉತ್ತರ ಹುಡುಕುವಾಗ. ಮಿಡಿ ಎಣಿಸುವಾಗ, ಲೆಕ್ಕ ಬರೆಯುವಾಗ, ನಾವು ಮಾಡುವ ಕೆಲಸ ಎಷ್ಟಿದೆ ಅಂತ ನನಗೇ ಮೊದಲ ಸಲ ಕಂಡಿತು.

ನಿಮ್ಮ ಮೊದಲ ವಿಡಿಯೋ ಒಂದು ರೊಟ್ಟಿಯ ಲೆಕ್ಕದ್ದೇ ಇರಲಿ: ಜೋಳ ಎಷ್ಟು, ಬೀಸಿದ್ದಕ್ಕೆ ಎಷ್ಟು, ಸೌದೆ ಅಥವಾ ಗ್ಯಾಸ್ ಎಷ್ಟು, ಒಂದು ತಾಸಿಗೆ ಎಷ್ಟು ರೊಟ್ಟಿ ಬಡಿಯುತ್ತೀರಿ. ಎರಡನೆಯದರಲ್ಲಿ, ಕೊರಿಯರ್‌ನಲ್ಲಿ ಮುರಿಯದ ಹಾಗೆ ಹೇಗೆ ಕಟ್ಟುತ್ತೀರಿ ಅಂತ ತೋರಿಸಿ. ದೂರದವರಿಗೆಲ್ಲ ಇರುವ ಅನುಮಾನ ಅದು, ನನಗೂ ಇದೆ. ಸಾಗರಕ್ಕೆ ಕಳಿಸುತ್ತೀರಾ? ನಮ್ಮ ಮನೆಗೆ ಐವತ್ತು ರೊಟ್ಟಿ, ಅರ್ಧ ಕೆಜಿ ಗುರೆಳ್ಳು ಚಟ್ನಿ ಬೇಕು. ದುಡ್ಡು ಎಷ್ಟಾಯಿತು ಹೇಳಿ.