ಪ್ರಾರ್ಥನೆ ಹೊತ್ತಲ್ಲಿ ಹೇಳೋಕೆ ಒಳ್ಳೇ ‘ನಿಮಗಿದು ಗೊತ್ತೇ?’ ಇದ್ದರೆ ಹೇಳಿ

ಕುವೆಂಪುನಗರ, ಮೈಸೂರು (ಕೇಳಿದವರು): ಮಗಳು ಆರನೇ ಕ್ಲಾಸು. ಬೆಳಗ್ಗೆ ಪ್ರಾರ್ಥನೆ ಆದ್ಮೇಲೆ ಸರದಿ ಮೇಲೆ ಒಬ್ಬೊಬ್ಬರು ‘ನಿಮಗಿದು ಗೊತ್ತೇ?’ ಅಂತ ಒಂದು ವಿಷಯ ಹೇಳಬೇಕು. ವಾಟ್ಸಾಪಲ್ಲಿ ಓಡಾಡೋದನ್ನೆಲ್ಲ ಉಳಿದ ಮಕ್ಕಳು ಆಗಲೇ ಹೇಳಿ ಮುಗಿಸಿದ್ದಾರೆ, ಅದರಲ್ಲೂ ಎಷ್ಟು ನಿಜವೋ. ನಿಮ್ಮ ಮನೇಲಿ ಮಕ್ಕಳಿಗೆ ಹಿಡಿಸಿದ್ದು ಯಾವುದು? ದೇಹ, ಪ್ರಾಣಿ, ಅಡುಗೆಮನೆ, ಏನಾದರೂ ಸರಿ.

ಪಾಂಡವಪುರ: ಅಕ್ಕ, ಹಸುಗೆ ಮುಂದುಗಡೆ ಮೇಲಿನ ಹಲ್ಲೇ ಇಲ್ಲ ಅಂತ ಹೇಳ್ಸಿ. ಪೇಟೆ ಮಕ್ಕಳು ನಂಬಲ್ಲ. ಕೆಳಗೆ ಎಂಟು, ಮೇಲೆ ಬರೀ ಗಟ್ಟಿ ವಸಡು. ಹುಲ್ಲನ್ನ ನಾಲಿಗೇಲಿ ಸುತ್ತಿ ಎಳ್ಕೊಂಡು, ಆ ವಸಡಿಗೆ ಒತ್ತಿ ಕಿತ್ತುಬಿಡುತ್ತೆ. ಅಗಿಯೋ ದವಡೆ ಹಲ್ಲು ಮಾತ್ರ ಮೇಲೂ ಕೆಳಗೂ ಇವೆ. ನಮ್ಮಪ್ಪ ದನದ ಜಾತ್ರೇಲಿ ಎತ್ತಿನ ಕೆಳದುಟಿ ಬಿಡಿಸಿ ನೋಡಿ ವಯಸ್ಸು ಹೇಳೋರು. ಹಾಲುಹಲ್ಲು ಬಿದ್ದು ನಡುವೆ ಎರಡು ಅಗಲದ ಹಲ್ಲು ಬಂದಿದ್ರೆ ಎರಡು ವರ್ಷದ ಆಸುಪಾಸು. ಆಮೇಲೆ ನಾಲ್ಕಲ್ಲು, ಆರಲ್ಲು. ಎಂಟೂ ಬಂದ್ರೆ ಬಾಯಿಗೂಡ್ತು ಅಂತ ಲೆಕ್ಕ. ಮಾರೋನು ಏನೇ ಬಾಯಿಮಾತು ಹೇಳ್ಲಿ, ಹಲ್ಲು ಸುಳ್ಳು ಹೇಳಲ್ಲ ಕಣಕ್ಕ. ಇನ್ನೊಂದು, ಹಸುಗೆ ನಾಲ್ಕು ಹೊಟ್ಟೆ ಅಂತಾರಲ್ಲ, ಹೊಟ್ಟೆ ಒಂದೇ, ಅದರೊಳಗೆ ನಾಲ್ಕು ಭಾಗ.

ಸರಸ್ವತಿಪುರಂ, ಮೈಸೂರು (ಬಯಾಲಜಿ ಪಾಠ ಹೇಳ್ತೀನಿ): ಮೇಡಂ, ನೆಟಿಕೆ ವಿಷಯ ತಗೊಳ್ಳಿ. ಸ್ಟೇಜ್ ಮೇಲೇ ಮುರಿದು ತೋರಿಸಬಹುದು! ಆ ‘ಟಕ್’ ಮೂಳೆಯದಲ್ಲ. ಕೀಲಿನೊಳಗೆ ಒಂದು ದ್ರವ ಇದೆ. ಬೆರಳು ಎಳೆದಾಗ ಒಳಗಿನ ಒತ್ತಡ ಇಳಿದು, ಅದರಲ್ಲಿ ಕರಗಿರೋ ಅನಿಲದಿಂದ ಗುಳ್ಳೆ ಏಳುತ್ತೆ, ಸದ್ದು ಆ ಗುಳ್ಳೆಯ ಆಟ. ಅದಕ್ಕೇ ಅದೇ ಬೆರಳು ತಕ್ಷಣ ಇನ್ನೊಂದು ಸಲ ಸದ್ದು ಮಾಡಲ್ಲ, ಸುಮಾರು 20 ನಿಮಿಷ ಕಾಯಬೇಕು. ಕೀಲುನೋವು ಬರುತ್ತೆ ಅಂತ ಅಜ್ಜಿಯರು ಬೈಯೋದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಸುಮಾರು 60 ವರ್ಷ ಎಡಗೈಯಲ್ಲಿ ಮಾತ್ರ ನೆಟಿಕೆ ಮುರಿದು ಎರಡೂ ಕೈ ಹೋಲಿಸಿದರು. ಸಂಧಿವಾತ ಯಾವುದಕ್ಕೂ ಬಂದಿರಲಿಲ್ಲ. 2009ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಬಹುಮಾನ ಕೊಟ್ಟರು. ಒಬ್ಬರ ಕೈ ನೋಡಿ ಜಗತ್ತಿಗೆಲ್ಲ ತೀರ್ಪು ಕೊಡೋಕಾಗಲ್ಲ ಅನ್ನೋದನ್ನೂ ಮಗಳ ಬಾಯಲ್ಲೇ ಹೇಳಿಸಿ, ಟೀಚರ್ ಖುಷಿಪಡ್ತಾರೆ.

‘ಮೆದುಳಲ್ಲಿ ಶೇ. 10 ಮಾತ್ರ ಬಳಸ್ತೀವಿ’, ‘ಸತ್ತ ಮೇಲೂ ಉಗುರು ಬೆಳೆಯುತ್ತೆ’, ಇವೆರಡನ್ನೂ ದಯವಿಟ್ಟು ಬೇಡ. ಎರಡೂ ಸುಳ್ಳು. ಸತ್ತ ಮೇಲೆ ಚರ್ಮ ಒಣಗಿ ಹಿಂದೆ ಸರಿಯುತ್ತೆ, ಉಗುರು ಉದ್ದ ಕಾಣುತ್ತೆ, ಅಷ್ಟೇ.

ಮದ್ದೂರು: ಜಿರಾಫೆ ಕುತ್ತಿಗೇಲಿ ಏಳೇ ಮೂಳೆ, ನಮ್ಮಷ್ಟೇ. ಮೈಸೂರು ಝೂ ಪಕ್ಕದಲ್ಲೇ ಇದೆ, ಕರ್ಕೊಂಡ್ ಹೋಗಿ ನೋಡ್ಸಿ. ನಮ್ಮ ಕೊಕ್ಕರೆ ಬೆಳ್ಳೂರಿಗೂ ಬನ್ನಿ. ಅಲ್ಲಿಗೆ ಬರೋ ಬಣ್ಣದ ಕೊಕ್ಕರೆ ದೊಡ್ಡದಾದ್ಮೇಲೆ ಹೆಚ್ಚುಕಮ್ಮಿ ಮೂಕ. ಕೊಕ್ಕು ಕಟಕಟ ಬಡಿದೇ ಮಾತು. ಗಲಾಟೆ ಎಲ್ಲ ಮರಿಗಳದು.

ಮಳವಳ್ಳಿ: ರೇಷ್ಮೆ ಬಿಟ್ರೆ ಹೆಂಗೆ? ಮೊಟ್ಟೆಯಿಂದ ಬಂದಾಗ ಹುಳ ಸುಮಾರು 3 ಮಿಲಿಮೀಟರ್. ತಿಂಗಳು ತುಂಬೋದ್ರೊಳಗೆ ತೂಕ ಸುಮಾರು 10,000 ಪಟ್ಟು. ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಸೊಪ್ಪು ಮುಟ್ಟಲ್ಲ, ತಲೆ ಎತ್ತಿ ಸುಮ್ಮನಿದ್ದು ಪೊರೆ ಕಳಚುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹುಳುಮನೇಲಿ ನಿಂತ್ರೆ ಸೊಪ್ಪು ತಿನ್ನೋ ಸದ್ದು ಹೆಂಚಿನ ಮೇಲೆ ಜಿಟಿಜಿಟಿ ಮಳೆ ಹಿಡಿದಂಗೆ ಕೇಳುತ್ತೆ. ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ತಯಾರಾದ ಹುಳನ ಚಂದ್ರಿಕೆಗೆ (ಗೂಡು ಕಟ್ಟಿಸೋ ಬಿದಿರಿನ ತಟ್ಟಿ) ಬಿಟ್ರೆ ತಲೆ ಎಂಟರ ಆಕಾರದಲ್ಲಿ ಆಡಿಸ್ತಾ ಎರಡು ಮೂರು ದಿನ ಗೂಡು ಕಟ್ಟುತ್ತೆ. ಒಂದು ಗೂಡಲ್ಲಿ ಒಂದೇ ಎಳೆ, ಬಿಚ್ಚಿದ್ರೆ ಹತ್ರ ಹತ್ರ ಒಂದು ಕಿಲೋಮೀಟರ್. ಚಿಟ್ಟೆ ಆಗಿ ಬಂದದ್ದು ಏನೂ ತಿನ್ನಲ್ಲ, ಹಾರೋಕೂ ಬರಲ್ಲ. ನೂಲು ತೆಗೆಯೋಕೆ ಗೂಡು ಬೇಯಿಸ್ತಾರೆ, ಒಳಗಿನ ಹುಳ ಸಾಯುತ್ತೆ. ಅದನ್ನ ಹೇಳೋದಾದ್ರೆ ಮುಂದೆ ಕೂತಿರೋ ಮಕ್ಕಳ ವಯಸ್ಸು ನೋಡ್ಕಳಿ.

ಶ್ರೀರಂಗಪಟ್ಟಣ: ಗಿಳಿಗೆ ಮೆಣಸಿನಕಾಯಿ ಖಾರ ಹತ್ತಲ್ಲ. ನಮ್ಮ ಹಿತ್ತಲ ಗಿಡ ಖಾಲಿ ಮಾಡಿದ್ದು ನೋಡಿದೀನಿ. ಖಾರ ನಿಜಕ್ಕೂ ರುಚಿ ಅಲ್ಲ, ಬಿಸಿ ತಾಗಿದಾಗ ಎಚ್ಚರಿಸೋ ನರವನ್ನೇ ಅದು ಕೆಣಕುತ್ತೆ. ಹಕ್ಕಿಗಳಲ್ಲಿ ಆ ನರ ಅದಕ್ಕೆ ಜಗ್ಗಲ್ಲ.

ಸರಸ್ವತಿಪುರಂ, ಮೈಸೂರು: ಇದಕ್ಕೆ ಸೇರಿಸಿ, ಖಾರದ ಅಂಶ ನೀರಲ್ಲಿ ಸರಿಯಾಗಿ ಕರಗಲ್ಲ. ಬಾಯಿ ಉರಿದರೆ ನೀರಲ್ಲ, ಹಾಲೋ ಮೊಸರೋ ಕೊಡಿ.