ಕರಡಿ ಅದೇ ದಾರಿಯಲ್ಲಿ ಹದಿನೇಳು ಸಲ ಸುತ್ತಿತು. ಇನ್ನು ಮಗಳನ್ನು ಝೂಗೆ ಕರೆದುಕೊಂಡು ಹೋಗೋದಾ ಬೇಡ್ವಾ?

ರಾಗಿಮುದ್ದೆ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ಭಾನುವಾರ ಹೆಂಡತಿ, ಏಳು ವರ್ಷದ ಮಗಳ ಜೊತೆ ಒಂದು ಪ್ರಾಣಿ ಪಾರ್ಕಿಗೆ ಹೋಗಿದ್ದೆ. ಯಾವ ಪಾರ್ಕು ಅನ್ನೋದು ಬೇಡ, ಜಗಳಕ್ಕೆ ಬರೆಯುತ್ತಿಲ್ಲ. ಸಫಾರಿ ಕ್ಯೂನಲ್ಲಿ ಒಂದೂಮುಕ್ಕಾಲು ಗಂಟೆ ನಿಂತೆವು. ಬಸ್ಸು ಹತ್ತಿದ ಮೇಲೆ ಅರ್ಧ ಗಂಟೆಯೊಳಗೆ ಎಲ್ಲಾ ಮುಗಿಯಿತು. ಹುಲಿ ಮರದ ನೆರಳಲ್ಲಿ ಮಲಗಿತ್ತು. ಬಸ್ಸಿನ ಅರ್ಧ ಜನ ಕಿಟಕಿ ಬಡಿದು "ಏಳೋ, ಏಳೋ" ಅಂತ ಕೂಗಿದರು. ಅದು ಒಂದು ಕಿವಿ ಅಲ್ಲಾಡಿಸಿತು, ಅಷ್ಟೇ. ಹಿಂದಿನ ಸೀಟಿನವರು "ಇದನ್ನು ನೋಡೋಕೆ ಇಷ್ಟು ದುಡ್ಡಾ" ಅಂದರು. ನಿಜ ಹೇಳಬೇಕು ಅಂದರೆ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಆಮೇಲೆ ನಡೆದುಕೊಂಡು ಕರಡಿಗಳ ಜಾಗಕ್ಕೆ ಬಂದೆವು. ಒಂದು ಕರಡಿ ಗೋಡೆ ಪಕ್ಕ ಹತ್ತು ಹೆಜ್ಜೆ ಹೋಗುವುದು, ಒಂದು ಕಲ್ಲಿನ ಹತ್ತಿರ ತಲೆ ಹೀಗೆ ಎತ್ತಿ ತಿರುಗಿಸುವುದು, ವಾಪಸ್ ಬರುವುದು, ಮತ್ತೆ ಹೋಗುವುದು. ನಡೆದೂ ನಡೆದೂ ಅಲ್ಲಿ ಹುಲ್ಲು ಸವೆದು ನಮ್ಮೂರ ಹೊಲದ ಕಾಲುದಾರಿ ತರ ಆಗಿತ್ತು. ಸುತ್ತ ನಿಂತವರು "ಡ್ಯಾನ್ಸ್ ಮಾಡ್ತಿದೆ ನೋಡು" ಅಂತ ವಿಡಿಯೋ ಮಾಡುತ್ತಿದ್ದರು. ಒಬ್ಬರು ಚಿಪ್ಸ್ ಎಸೆದರು, ಪ್ಯಾಕೆಟ್ ಸಮೇತ. ನಾನು ಬೇಡ ಅಂದಿದ್ದಕ್ಕೆ "ನಿಮ್ಮದಾ ಕರಡಿ?" ಅಂತ ಕೇಳಿದರು. ಸಿಬ್ಬಂದಿ ಯಾರೂ ಕಾಣಲಿಲ್ಲ. ಮಗಳು ಮಾತ್ರ ಸುಮ್ನೆ ನಿಂತು ಎಣಿಸುತ್ತಿದ್ದಳು. "ಅಪ್ಪಾ, ಹದಿನೇಳು ಸಲ ಆಯ್ತು. ಅದರದ್ದು ಏನಾದರೂ ಕಳೆದುಹೋಗಿದೆಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕರಡಿಗೆ ಏನಾಗಿರಬಹುದು, ಯಾರಿಗಾದರೂ ತಿಳಿಸಬೇಕಾ, ಯಾರಿಗೆ? ಮುಂದಿನ ತಿಂಗಳು ಹುಬ್ಬಳ್ಳಿಯಿಂದ ಅಕ್ಕನ ಮಕ್ಕಳು ಬರುತ್ತಾರೆ, ಮೈಸೂರು ಝೂ ನೋಡಬೇಕು ಅಂತ ಈಗಲೇ ಹಟ. ಕರೆದುಕೊಂಡು ಹೋಗಲಾ, ಬೇಡ್ವಾ?

ಕಾಡುಕೋಳಿ

ಸರ್, ನಾನು ಡಾಕ್ಟರ್ ಅಲ್ಲ. ಕಾಲೇಜಿನಲ್ಲಿದ್ದಾಗ ಒಂದು ಝೂನಲ್ಲಿ ಎರಡು ವರ್ಷ ಸ್ವಯಂಸೇವಕಿ ಆಗಿದ್ದೆ. ಗೊತ್ತಿರುವಷ್ಟು ಹೇಳುತ್ತೇನೆ.

ಹೀಗೆ ಒಂದೇ ದಾರಿ, ಒಂದೇ ತಿರುವು, ಒಂದೇ ತಲೆ ಅಲ್ಲಾಡಿಸುವಿಕೆ ಇದ್ದರೆ ಅದಕ್ಕೆ ಸ್ಟೀರಿಯೋಟೈಪಿ ಅನ್ನುತ್ತಾರೆ. ಕಟ್ಟಿ ಹಾಕಿದ ಪ್ರಾಣಿಗೆ ಹುಡುಕುವ, ಅಗೆಯುವ, ಅಲೆಯುವ ಕೆಲಸ ಇಲ್ಲದೆ ಹೋದಾಗ ಹತ್ತುವ ಚಾಳಿ ಅದು. ಕರಡಿಗಳಲ್ಲಿ ಇದು ಜಾಸ್ತಿ. ಕಾಡಿನಲ್ಲಿ ಕರಡಿಗೆ ದಿನವಿಡೀ ಕೆಲಸ ಇರುತ್ತದೆ. ಹುತ್ತ ಒಡೆಯಬೇಕು, ಗೆದ್ದಲು ಹೀರಬೇಕು, ಮರ ಹತ್ತಿ ಜೇನು ಕೀಳಬೇಕು. ಅದಕ್ಕೆ ತಟ್ಟೆಯಲ್ಲಿ ಊಟ ಇಟ್ಟುಬಿಟ್ಟರೆ ಹತ್ತು ನಿಮಿಷದಲ್ಲಿ ಊಟ ಮುಗಿಯಿತು, ಉಳಿದ ಹೊತ್ತು ಏನು ಮಾಡಬೇಕು ಹೇಳಿ? (ನಿಮ್ಮ ಹೆಸರು ನೋಡಿ ನಗು ಬಂತು. ಝೂ ಕರಡಿಗೂ ರಾಗಿ ಗಂಜಿ ಕೊಡುತ್ತಾರೆ.)

ಆದರೆ ಒಂದು ಮಾತು. ಹತ್ತು ನಿಮಿಷ ನೋಡಿ ತೀರ್ಪು ಕೊಡಬೇಡಿ, ನಾನೂ ಹಾಗೆ ಕೊಟ್ಟು ಬೈಸಿಕೊಂಡಿದ್ದೇನೆ. ಈ ಚಾಳಿ ಒಮ್ಮೆ ಹತ್ತಿದರೆ ಜಾಗ ಒಳ್ಳೆಯದಾದರೂ ಪೂರ್ತಿ ಹೋಗುವುದಿಲ್ಲ. ಬನ್ನೇರುಘಟ್ಟದಲ್ಲಿ ಕರಡಿಗಳ ರಕ್ಷಣಾ ಕೇಂದ್ರ ಇದೆ, ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಅರಣ್ಯ ಇಲಾಖೆ ಜೊತೆ ನಡೆಸುವಂಥದ್ದು. ಅಲ್ಲಿಗೆ ಬಂದವು ಕಲಂದರ್ ಜನ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳು. ಮರಿ ಇದ್ದಾಗಲೇ ಕಾದ ಕಬ್ಬಿಣದಿಂದ ಮೂತಿ ಚುಚ್ಚಿ ಹಗ್ಗ ಹಾಕಿ, ಹಲ್ಲು ಮುರಿದಿರುತ್ತಿದ್ದರು. ಕೊನೆಯ ಕುಣಿಯುವ ಕರಡಿ ಬಂದಿದ್ದು 2009ರಲ್ಲಿ, ಅದೂ ಬನ್ನೇರುಘಟ್ಟಕ್ಕೇ. ಹಗ್ಗ ಬಿಚ್ಚಿದ ಮೇಲೂ ಎಷ್ಟೋ ಕರಡಿಗಳು ವರ್ಷಗಟ್ಟಲೆ ಹಾಗೇ ತೂಗಾಡುತ್ತವೆ. ಅಂಥ ಕರಡಿ ಕಂಡರೆ ಈಗ ನೋಡಿಕೊಳ್ಳುತ್ತಿರುವವರದ್ದು ತಪ್ಪು ಅನ್ನೋಕೆ ಆಗಲ್ಲ. ನೀವು ನೋಡಿದ್ದು ಎಲ್ಲಿಂದ ಬಂದದ್ದು ಅಂತ ಕೇಳಿದ್ದರೆ ಚೆನ್ನಾಗಿತ್ತು.

ಇನ್ನೊಂದು, ಟೈಮ್ ಎಷ್ಟಾಗಿತ್ತು? ಸಂಜೆ ಊಟದ ಹೊತ್ತಾಗಿದ್ದರೆ ಒಳಗಿನ ಕೋಣೆಯ ಬಾಗಿಲ ಹತ್ತಿರ ಎಲ್ಲಾ ಪ್ರಾಣಿಗಳೂ ಅತ್ತಿತ್ತ ಓಡಾಡುತ್ತವೆ, ಮನೆ ನಾಯಿ ತಟ್ಟೆ ಸದ್ದಿಗೆ ಕುಣಿದ ಹಾಗೆ. ಬೆಳಗ್ಗೆ ಹನ್ನೊಂದಕ್ಕೆ ಗೋಡೆ ಪಕ್ಕ ಮಾಡುತ್ತಿದ್ದರೆ ವಿಷಯ ಬೇರೆ.

ಮುಂದಿನ ಸಲ ಹೋದಾಗ ಪ್ರಾಣಿ ಜನರಿಂದ ಮರೆಯಾಗಲು ಒಂದು ಜಾಗ ಇದೆಯಾ ನೋಡಿ. ನಾನು ಎಲ್ಲಕ್ಕಿಂತ ಮೊದಲು ಅದನ್ನೇ ನೋಡೋದು. "ಅಷ್ಟು ದೂರ ಹೋದೆವು, ಚಿರತೆ ಕಾಣಲೇ ಇಲ್ಲ" ಅಂತ ಜನ ಬೈಯುತ್ತಾರಲ್ಲ, ಆ ಜಾಗ ಸಾಮಾನ್ಯವಾಗಿ ಒಳ್ಳೆಯದಿರುತ್ತದೆ. ಹತ್ತೋಕೆ ಮರದ ದಿಮ್ಮಿ, ಕಾಲಡಿ ಬರೀ ಸಿಮೆಂಟ್ ಅಲ್ಲದೆ ಮಣ್ಣು, ಮೈಮೇಲೆ ಕೂದಲು ಉದುರಿದ ಬೋಳು ತೇಪೆ ಇಲ್ಲದಿರುವುದು, ಇವೆಲ್ಲ ಆಮೇಲೆ.

ಬೋನಿಲ್ಲದ_ಊರು

ಇಷ್ಟೆಲ್ಲ ಸಮಾಧಾನ ಯಾಕೆ ಹೇಳುತ್ತೀರಿ? ಏಳು ವರ್ಷದ ಮಗುವಿಗೆ ಹತ್ತು ನಿಮಿಷದಲ್ಲಿ ಅರ್ಥವಾಗಿದ್ದು ನಮಗೆ ಆಗುತ್ತಿಲ್ಲ. ಮುಚ್ಚಬೇಕು, ಅಷ್ಟೇ.

2009ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವೇ ಆನೆಗಳನ್ನು ಝೂನಲ್ಲಿ, ಸರ್ಕಸ್ಸಿನಲ್ಲಿ ಇಡಬೇಡಿ, ಕ್ಯಾಂಪುಗಳಿಗೆ ಕಳಿಸಿ ಅಂತ ಹೇಳಿತ್ತು. ಆಮೇಲೆ? 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ವಿಮಾನ ಹತ್ತಿ ಜಪಾನಿನ ಹಿಮೇಜಿಗೆ ಹೋದವು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ ಬರುತ್ತವಂತೆ. ನಮ್ಮಜ್ಜ ಸಂತೆಯಲ್ಲಿ ಎತ್ತು ಬದಲಾಯಿಸಿಕೊಳ್ಳುತ್ತಿದ್ದರು, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮೈಸೂರಿನ ಗೊರಿಲ್ಲಾ ಪೋಲೋ ನೆನಪಿದೆಯಾ, ವರ್ಷಗಟ್ಟಲೆ ಜೊತೆಯಿಲ್ಲದೆ ಒಂಟಿಯಾಗಿದ್ದು 2014ರಲ್ಲಿ ಸತ್ತಿತು. ಚಿಕ್ಕಂದಿನಲ್ಲಿ ನಾನೂ ಅದರ ಮುಂದೆ ಎದೆ ಬಡಿದುಕೊಂಡು ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕಾಡುಕೋಳಿ

ಪೋಲೋ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅಂತ ಎರಡು ಗಂಡು ಗೊರಿಲ್ಲಾ ತಂದರು. ಈ ಸಲ ಒಂದನ್ನೇ ತರಲಿಲ್ಲ ನೋಡಿ, ಅಷ್ಟರಮಟ್ಟಿಗೆ ಬುದ್ಧಿ ಬಂದಿದೆ. ಆನೆ ವಿನಿಮಯ ನನಗೂ ಇಷ್ಟವಾಗಲಿಲ್ಲ. ಆದರೆ ಎಲ್ಲಾ ಮುಚ್ಚಿ ಅಂದರೆ, ಹಲ್ಲಿಲ್ಲದ ಆ ಕರಡಿಗಳನ್ನು ಎಲ್ಲಿ ಬಿಡುತ್ತೀರಿ? ಕಾಡಿಗೆ ಬಿಟ್ಟರೆ ವಾರ ಬದುಕಲ್ಲ. ಬಾವಿಗೆ ಬಿದ್ದ ಚಿರತೆ, ಉರುಳಿಗೆ ಸಿಕ್ಕಿ ಕಾಲು ಹೋದ ಹುಲಿ ಎಲ್ಲಿಗೆ ಹೋಗಬೇಕು?

ಬೋನಿಲ್ಲದ_ಊರು

ಅವುಗಳಿಗೆ ಜಾಗ ಇರಲಿ, ನಾನು ಬೇಡ ಅನ್ನಲಿಲ್ಲ. ಟಿಕೆಟ್ ಕೌಂಟರ್ ಬೇಡ ಅಂದೆ.

ಪಾಲಕನ_ಮಗ

ಇವರಿಬ್ಬರ ಜಗಳ ಮುಗಿಯೋದಲ್ಲ, ನಾನು ಮಧ್ಯೆ ಬರುತ್ತೇನೆ. ನಮ್ಮ ತಂದೆ ಮೂವತ್ತು ವರ್ಷ ಒಂದು ಝೂನಲ್ಲಿ ಪ್ರಾಣಿಪಾಲಕರಾಗಿದ್ದರು. ನಾವು ಬೆಳೆದದ್ದು ಕ್ವಾರ್ಟರ್ಸಿನಲ್ಲಿ, ಬೆಳಗ್ಗೆ ನಾಲ್ಕಕ್ಕೆ ಸಿಂಹ ಗುಡುಗುವುದು ಕೇಳಿಕೊಂಡು. ನೆಂಟರು ಬಂದರೆ ಹೆದರಿ ಎದ್ದು ಕೂರುತ್ತಿದ್ದರು, ನಮಗೆ ಅದು ಕೋಳಿ ಕೂಗಿದ ಹಾಗೆ.

ಮೈಸೂರಿಗೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ವಾರಕ್ಕೊಂದು ದಿನ ಜನರಿಗೆ ಬಾಗಿಲು ಹಾಕಬೇಕು ಅಂತ ಝೂ ನಿಯಮದಲ್ಲೇ ಇದೆ. ನಮ್ಮ ಕಡೆ ಹುಲಿ, ಸಿಂಹಕ್ಕೆ ಅವತ್ತು ಉಪವಾಸ. ಕಾಡಿನಲ್ಲಿ ಅವು ದಿನಾ ತಿನ್ನುವುದಿಲ್ಲವಲ್ಲ, ಹೊಟ್ಟೆಗೆ ಒಳ್ಳೆಯದು. ಅಪ್ಪ ಅವತ್ತು ಮಾತ್ರ ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಅದೇ ಪ್ರಾಣಿಗಳು, ಅದೇ ಜಾಗ, ಆದರೆ ಬೇರೆ ಊರಿಗೆ ಬಂದ ಹಾಗೆ. ಭಾನುವಾರ ಮೂಲೆ ಸೇರಿರುತ್ತಿದ್ದ ಜಿಂಕೆಗಳು ಬೇಲಿ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ಹಗಲೆಲ್ಲಾ ಒಳಗಿರುತ್ತಿದ್ದ ಒಂದು ಮುದಿ ಚಿರತೆ ಅವತ್ತು ದಿಮ್ಮಿ ಮೇಲೆ ಬಂದು ಕೂರುತ್ತಿತ್ತು. ಅದು ಜನರಿಗೆ ಹೆದರುತ್ತಿತ್ತು ಅಂತಲ್ಲ, ಅಪ್ಪ ಹೇಳುತ್ತಿದ್ದರು, "ಅದಕ್ಕೆ ನಮ್ಮ ಗಲಾಟೆ ಸಾಕಾಗಿದೆ ಕಣೋ."

ಭಾನುವಾರದ ಲೆಕ್ಕ ಬರುತ್ತಿದ್ದುದು ಸೋಮವಾರ ಬೆಳಗ್ಗೆ. ಕಸ ಗುಡಿಸುವಾಗ ಒಳಗೆ ಏನೇನು ಸಿಗುತ್ತಿತ್ತು ಅಂದರೆ ಬಿಸ್ಕತ್ತು ಕವರ್, ಮಗುವಿನ ಚಪ್ಪಲಿ, ಒಂದು ಸಲ ಅರ್ಧ ಮಸಾಲೆ ದೋಸೆ. ಕೋತಿಗಳಿಗೆ ಭೇದಿ. ಒಂದು ಚುಕ್ಕೆ ಜಿಂಕೆ ಹತ್ತು ದಿನ ಮೇವು ಬಿಟ್ಟು ಸತ್ತಿತು, ಡಾಕ್ಟರು ಹೊಟ್ಟೆ ಕೊಯ್ದು ನೋಡಿದರೆ ಪ್ಲಾಸ್ಟಿಕ್ ಕವರಿನ ಉಂಡೆ, ತೆಂಗಿನಕಾಯಿ ಗಾತ್ರದ್ದು. ಅಪ್ಪ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಚಿಪ್ಸ್ ಎಸೆದವನು "ನಿಮ್ಮದಾ ಕರಡಿ" ಅಂದನಲ್ಲ, ಮುಂದಿನ ಸಲ "ಹೌದು ನಮ್ಮದೇ" ಅನ್ನಿ ಸರ್. ನೋಡಿಕೊಳ್ಳುವವರು ಹಾಗೇ ಅಂದುಕೊಂಡಿರುತ್ತಾರೆ.

ಯಾರಿಗೆ ಹೇಳಬೇಕು ಅಂದಿರಿ. ಮೊದಲು ಅಲ್ಲೇ ಇರುವ ಪಾಲಕರಿಗೆ ಅಥವಾ ಗೇಟಿನಲ್ಲಿ. ಒಬ್ಬೊಬ್ಬರ ಪಾಲಿಗೆ ನಾಲ್ಕೈದು ಆವರಣ ಇರುತ್ತದೆ, ಎಲ್ಲಾ ಕಡೆ ನಿಲ್ಲೋಕಾಗಲ್ಲ, ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಆಮೇಲೆ ಬರವಣಿಗೆಯಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ, ಕಚೇರಿ ಮೈಸೂರಿನಲ್ಲಿದೆ. ಅದಕ್ಕೂ ಮೇಲೆ ದೆಹಲಿಯ ಕೇಂದ್ರ ಮೃಗಾಲಯ ಪ್ರಾಧಿಕಾರ. ದಿನ, ಟೈಮು, ಯಾವ ಆವರಣ ಅಂತ ಬರೆಯಿರಿ, ವಿಡಿಯೋ ಇದ್ದರೆ ಸೇರಿಸಿ. "ಪ್ರಾಣಿಗಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಅಂತ ಒಂದು ಸಾಲು ಬರೆದರೆ ಯಾರೂ ಓದಲ್ಲ. ಮಗಳು ಎಣಿಸಿದ ಹದಿನೇಳು ಇದೆಯಲ್ಲ, ಅದನ್ನು ಬರೆಯಿರಿ, ಎಷ್ಟು ನಿಮಿಷದಲ್ಲಿ ಅಂತಾನೂ. ಡಾಕ್ಟರಿಗೆ ಬೇಕಾಗಿದ್ದು ಅಂಥದ್ದೇ.

ಇನ್ನು ಝೂನಲ್ಲಿ ಪ್ರಾಣಿಯನ್ನು ಕೆಣಕುವುದು, ತಿನ್ನಿಸುವುದು, ಗಲಾಟೆ ಮಾಡಿ ತೊಂದರೆ ಕೊಡುವುದು, ಕಸ ಹಾಕುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, 38-ಜೆ ಸೆಕ್ಷನ್. ಆರು ತಿಂಗಳವರೆಗೆ ಜೈಲು ಆಗಬಹುದು. ಬೋರ್ಡಿನಲ್ಲಿ ಬರೆದಿರುತ್ತಾರೆ, ಆ ಬೋರ್ಡಿಗೇ ಒರಗಿಕೊಂಡು ಕಡಲೆಕಾಯಿ ಎಸೆಯುತ್ತಾರೆ.

ಸ್ಟೇರಿಂಗ್_ಶಿವು

ಸಫಾರಿ ಬಸ್ಸಿನ ಬಗ್ಗೆ ಒಂದು ಮಾತು. ನಾನು ಟೂರಿಸ್ಟ್ ಗಾಡಿ ಓಡಿಸುವವನು, ಜನರನ್ನು ಇಂಥ ಕಡೆ ಜಾಸ್ತಿ ಕರೆದುಕೊಂಡು ಹೋಗುತ್ತೇನೆ. ಬನ್ನೇರುಘಟ್ಟದಲ್ಲಿ 2025ರ ಆಗಸ್ಟ್‌ನಲ್ಲಿ ಸಫಾರಿ ಗಾಡಿಯ ಕಿಟಕಿಯಲ್ಲಿ ಚಿರತೆ ಒಬ್ಬ ಹುಡುಗನ ಕೈ ಪರಚಿದ ಸುದ್ದಿ ಎಲ್ಲರೂ ನೋಡಿದ್ದೀರಿ. ಅದಾದ ಮೇಲೂ ನಮ್ಮ ಗಾಡಿ ಹತ್ತಿದವರು ಮೊದಲು ಕೇಳುವುದು "ಹತ್ತಿರ ಹೋಗುತ್ತಾ?" ಅಂತ. ಹತ್ತಿರ ಹೋಗದಿದ್ದರೆ ಡ್ರೈವರಿಗೆ ಬೈಗುಳ, ಹೋದರೆ ಮೇಲಿನವರಿಂದ ಮೆಮೋ. ಒಂದು ಕಡೆ (ಊರು ಹೇಳಲ್ಲ) ಡ್ರೈವರ್ ಟಿಪ್ಸ್ ಆಸೆಗೆ ಮಲಗಿದ್ದ ಸಿಂಹದ ಬಾಲದ ಹತ್ತಿರ ಗಾಡಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದ್ದು ಕಣ್ಣಾರೆ ನೋಡಿದ್ದೇನೆ. ಎಲ್ಲರೂ ಚಪ್ಪಾಳೆ ಹೊಡೆದರು. ಅರೇ, ಸಿಂಹ ದಿನದಲ್ಲಿ ಹದಿನೆಂಟು ಇಪ್ಪತ್ತು ಗಂಟೆ ಮಲಗುವ ಪ್ರಾಣಿ, ಅದು ಮಲಗಿದ್ದನ್ನು ನೋಡಿದರೆ ಸಿಂಹ ನೋಡಿದ ಹಾಗೇ ಅಲ್ವಾ?

ತುಂಗಭದ್ರಾ_ತಂಗಿ

ನಾನು ಹೊಸಪೇಟೆಯವಳು. ಕರಡಿ ನೋಡಬೇಕಿದ್ದರೆ ಮಕ್ಕಳನ್ನು ಒಮ್ಮೆ ನಮ್ಮ ದರೋಜಿಗೆ ಕರೆದುಕೊಂಡು ಬನ್ನಿ ಅಣ್ಣಾ. ಹಂಪಿಗೆ ಹತ್ತಿರ, 1994ರಲ್ಲಿ ಕರಡಿಗಳಿಗೇ ಅಂತ ಮಾಡಿದ ಅಭಯಾರಣ್ಯ. ಮಧ್ಯಾಹ್ನ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಹಚ್ಚಿ ಬರುತ್ತಾರೆ, ಜನ ದೂರದ ವಾಚ್ ಟವರ್ ಮೇಲೆ ಕೂರಬೇಕು. ಬಿಸಿಲು ಇಳಿದ ಮೇಲೆ ಕರಡಿ ಗುಡ್ಡದಿಂದ ಒಂದೊಂದಾಗಿ ಇಳಿದು ಬರುತ್ತವೆ, ಬೆನ್ನ ಮೇಲೆ ಮರಿ ಹೊತ್ತುಕೊಂಡು. ಅದಕ್ಕಿಂತ ಮೊದಲು ನವಿಲು, ಮುಂಗುಸಿ ಬಂದು ಪಾಕ ನೆಕ್ಕಿ ಹೋಗಿರುತ್ತವೆ. ದುರ್ಬೀನು ತನ್ನಿ, ಇಲ್ಲದಿದ್ದರೆ ಕರಿ ಚುಕ್ಕೆ ನೋಡಿದ ಹಾಗೆ ಆಗುತ್ತದೆ. ಮಕ್ಕಳಿಗೆ ಎರಡು ಗಂಟೆ ಸುಮ್ಮನೆ ಕೂರೋದು ಕಷ್ಟ, ಅದನ್ನೂ ಹೇಳಿಬಿಡುತ್ತೇನೆ. ಕಾಡು ಕರಡಿಗೆ ಬೆಲ್ಲದ ರುಚಿ ಹತ್ತಿಸುವುದು ಸರಿಯಾ ಅಂತ ನಮ್ಮಲ್ಲೇ ಕೇಳುವವರಿದ್ದಾರೆ, ನನಗೂ ಅದರ ಬಗ್ಗೆ ಅನುಮಾನ ಇದೆ. ಆದರೂ ಬೇಡ ಅನ್ನಿಸಿದರೆ ಆ ಕರಡಿ ಎದ್ದು ಗುಡ್ಡಕ್ಕೆ ಹೋಗಬಹುದು ನೋಡಿ.

ರಾಗಿಮುದ್ದೆ_ಬಸವನಗುಡಿ

ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಟೈಮು ಕೇಳಿದ್ದಿರಿ, ಫೋಟೋ ನೋಡಿದೆ, 11.40. ಸಂಜೆ ಊಟದ ಹೊತ್ತಲ್ಲ. ವಿಡಿಯೋದಲ್ಲಿ ಎಣಿಸಿದರೆ ಆರು ನಿಮಿಷಕ್ಕೆ ಹದಿನೇಳು. ನಿನ್ನೆ ರಾತ್ರಿ ಕೂತು ಅರ್ಜಿ ಬರೆದೆ, ಕರಡಿ ಎಲ್ಲಿಂದ ಬಂದದ್ದು ಅಂತಲೂ ಕೇಳಿದ್ದೇನೆ. ಮಗಳು ಕೊನೆಯಲ್ಲಿ ಒಂದು ಸಾಲು ಸೇರಿಸಲು ಹೇಳಿದಳು, "ಅದಕ್ಕೆ ಒಂದು ಹುತ್ತ ಕೊಡಿ." ಸೇರಿಸಿದೆ.

ಮೈಸೂರಿಗೆ ಹೋಗುತ್ತೇವೆ, ಬುಧವಾರ, ಬಾಗಿಲು ತೆಗೆಯುವ ಹೊತ್ತಿಗೆ. ದರೋಜಿ ದಸರಾ ರಜೆಗೆ. @ಬೋನಿಲ್ಲದ_ಊರು, ಬೈಯುತ್ತೀರಿ ಅಂತ ಗೊತ್ತು.

ಬೋನಿಲ್ಲದ_ಊರು

ಬೈಯಲ್ಲ. ಅರ್ಜಿಗೆ ಉತ್ತರ ಬಂದರೆ ಇಲ್ಲಿ ಹಾಕಿ.

ಹೊಸಬ_2

ನಮಸ್ತೆ, ನಾವೂ ಮುಂದಿನ ಮಂಗಳವಾರ ಫ್ಯಾಮಿಲಿ ಜೊತೆ ಮೈಸೂರು ಝೂಗೆ ಹೋಗುತ್ತಿದ್ದೇವೆ. ಅವತ್ತು ಜನ ಕಡಿಮೆ ಇರುತ್ತಾರಾ?

ಪಾಲಕನ_ಮಗ

ಒಬ್ಬರೂ ಇರಲ್ಲ ಸರ್. ಸ್ವಲ್ಪ ಮೇಲೆ ಓದಿ.